ಶಾರ್ಜಾದಿಂದ ಚಾಚಿದ ಕೈ

"ಮೌಸ್ ನಾನು ಮುಟ್ಟಿರ್ಲಿಲ್ಲ ಮೇಡಂ. ಅದು ತನ್ನಷ್ಟಕ್ಕೇ ಓಡ್ಲಿಕ್ಕೆ ಶುರು ಮಾಡಿತು."

ಹೀಗೆಂದು ಅಂಗಡಿಯಲ್ಲಿ ಕಂಪ್ಯೂಟರ್ ಕೆಲಸ ಮಾಡುವ ರೆಶ್ಮಾ ತನ್ನ ಕೈಯನ್ನು ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡಳು. ಮೌಸ್ ಈಗಲೂ ಓಡೀತು ಎಂಬ ಹೆದರಿಕೆ ಅವಳ ಮುಖದಲ್ಲಿತ್ತು.

"ನೋಡು ಮಗಾ, ಭೂತದ ಕಥೆಯಾದ್ರೆ ನನಗೆ ಬೇಡ," ಎಂದೆ. "ಅದನ್ನು ಕೇಳ್ಲಿಕ್ಕೆ ಎಡನೀರಿನಿಂದ ಬಸ್ ಹತ್ತಿ ಉಪ್ಪಳಕ್ಕೆ ಬರ್ಬೇಕಾಗಿಲ್ಲ. ನಮ್ಮ ಮನೆ ಹಿಂದೆಯೇ ಬೇಕಾದಷ್ಟು ಉಂಟು."

"ಭೂತ ಅಲ್ಲ ಮೇಡಂ. ರೇಮಂಡ್ ಅಂಕಲ್."

"ರೇಮಂಡ್ ಆಗ ಶಾರ್ಜಾದಲ್ಲಿ ಇದ್ದದ್ದಲ್ವಾ?"

"ಹೌದು. ಅಲ್ಲಿಂದಲೇ."

ಕೇರಳ ಪೊಲೀಸಿನಲ್ಲಿ ಚಪ್ಪಲಿ ಸವೆಸಿ ಪಿಂಚಣಿ ತೆಗೆದುಕೊಂಡವಳು ನಾನು. ಈ ಸೌದಾಮಿನಿಯ ಮುಂದೆ ಸುಳ್ಳು ಹೇಳಿದವರು ಬೇಕಾದಷ್ಟು ಮಂದಿ. ಆದರೆ ಈ ಹುಡುಗಿ ಆಗ ಹೇಳುತ್ತಿದ್ದುದು ಸುಳ್ಳಲ್ಲ ಎಂದು ಅವಳ ಗಂಟಲೇ ಹೇಳುತ್ತಿತ್ತು. ಬಾಗಿಲ ಹತ್ತಿರದ ಸ್ಟೂಲಿನಲ್ಲಿ ನೆಕ್ರಾಜೆಯ ಅಮ್ಮಣಿ ಕುಳಿತಿದ್ದಳು. ಅವಳು ಬೇಡಿಕೊಂಡದ್ದಕ್ಕೇ ನಾನು ಈ ವಿಷಯಕ್ಕೆ ಇಳಿದದ್ದು, ಅವಳನ್ನು ನಾನೇ ಬೇಕೆಂದು ಕರೆತಂದಿದ್ದೆ. ಈ ಅಂಗಡಿಯ ಯಜಮಾನಿ ಒಲಿಂಡಾ ತಿಂಗಳ ಹಿಂದೆ ಕಟ್ಟಡದ ಮುಂದಿನ ಮೆಟ್ಟಿಲ ಬುಡದಲ್ಲಿ ತಲೆ ಒಡೆದು ಬಿದ್ದು, ಸಂಜೆಯೊಳಗೆ ಆಸ್ಪತ್ರೆಯಲ್ಲಿ ಸತ್ತಿದ್ದಳು. ರಕ್ತದ ಕೈಯಲ್ಲಿ ಸಿಕ್ಕಿಬಿದ್ದ ಕೆಲಸಗಾರ ಸುಧೀರ್, ಅಮ್ಮಣಿಯ ಮಗ, ಕಾಸರಗೋಡಿನ ಸಬ್‌ಜೈಲಿನಲ್ಲಿ ಬಾಯಿ ಹೊಲಿದುಕೊಂಡು ಕುಳಿತಿದ್ದ.

"ತಾಯಿ ನೋಡ್ಲಿಕ್ಕೆ ಹೋದ್ರೂ ಮಾತಾಡುದಿಲ್ಲ ಅಕ್ಕ," ಎಂದು ಅಮ್ಮಣಿ ಬಸ್ಸಿನಲ್ಲಿ ಹೇಳಿದ್ದಳು. "ಕಂಬಿಯ ಆಚೆ ತಲೆ ತಗ್ಗಿಸಿ ನಿಲ್ತಾನೆ. ನಾನೇ ಮಾಡಿದ್ದು ಅಂತಲೂ ಇಲ್ಲ, ಮಾಡ್ಲಿಲ್ಲ ಅಂತಲೂ ಇಲ್ಲ. ನಾನು ಎಂತ ಅಂತ ತಿಳ್ಕೊಳ್ಳುದು?"

ಮೇಲಂತಸ್ತಿನ ಈ ಸಣ್ಣ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊ, ಮದುವೆ ಕಾಗದ, ಫ್ಲೆಕ್ಸ್, ಎಲ್ಲವೂ ಆಗುತ್ತಿತ್ತು. ಇನ್ನೊಂದು ಹಳೆಯ ಫ್ಲೆಕ್ಸ್ ಯಂತ್ರ ಸಿಗುತ್ತದೆಂದು ಒಲಿಂಡಾಳ ಗಂಡ ರೇಮಂಡ್ ವಿಸಿಟ್ ವೀಸಾದಲ್ಲಿ ಶಾರ್ಜಾಕ್ಕೆ ಹೋಗಿದ್ದ. ಹೋದರೂ ಅಂಗಡಿ ಬಿಟ್ಟಿರಲಾರದ ಮನುಷ್ಯ. ಕನ್ನಡದ ಅಕ್ಷರಗಳು, ಗಿರಾಕಿಗಳ ಫೋಟೊಗಳು ಎಲ್ಲ ಇರುವುದು ಇಲ್ಲಿಯ ಕಂಪ್ಯೂಟರಿನಲ್ಲಿ. ಹಾಗಾಗಿ ಅವನು ಗೆಳೆಯನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಪಾಸ್‌ವರ್ಡ್ ಒತ್ತಿ, ನೇರ ಈ ಕಂಪ್ಯೂಟರಿನೊಳಗೇ ಬಂದು ಕೆಲಸ ಮಾಡುತ್ತಿದ್ದ. ಅಲ್ಲಿ ಅವನ ಬೆರಳು ಆಡಿದರೆ ಇಲ್ಲಿ ಪರದೆಯ ಮೇಲೆ ಬಾಣ ಓಡುತ್ತಿತ್ತು.

"ಬಾಣ ಓಡ್ಲಿಕ್ಕೆ ಶುರು ಆದ ಕೂಡಲೇ ಆಂಟಿ ಕುರ್ಚಿ ಬಿಟ್ಟು ಏಳ್ತಿದ್ರು," ಎಂದಳು ರೆಶ್ಮಾ. "ಯಜಮಾನ್ರು ಬಂದ್ರು, ಜಾಗ ಕೊಡುವ ಅಂತ. ಒಮ್ಮೊಮ್ಮೆ ಮಾನಿಟರಿನ ಹತ್ರ ಚಹಾ ಸಹ ತಂದಿಡ್ತಿದ್ರು. ತಮಾಷೆಗೆ."

ನನಗೂ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ವಯಸ್ಸಾದ ಮೇಲೆ ಎರಡಕ್ಕೂ ಒಂದೇ ಬಾಗಿಲು.

"ಆ ಸಂಜೆ ಎಂತ ಆಯ್ತು, ಅದನ್ನು ಹೇಳು."

"ಆಸ್ಪತ್ರೆಯಿಂದ ಡ್ಯಾಡಿ ಫೋನ್ ಮಾಡಿ ಆಂಟಿ ಹೋದ್ರು ಅಂದ್ರು. ಫ್ಲೆಕ್ಸ್ ಮಾಡು, ಆದ್ರೆ ರೇಮಂಡನಿಗೆ ಯಾರೂ ಹೇಳ್ಬಾರ್ದು ಅಂದ್ರು."

ಅವಳ ಡ್ಯಾಡಿ ಮೆಲ್ವಿನ್. ಇದೇ ಕಟ್ಟಡದ ಕೆಳಗಡೆ ಹಾರ್ಡ್‌ವೇರ್ ಅಂಗಡಿ ಇಟ್ಟವರು, ರೇಮಂಡನ ಬಾಲ್ಯದ ಗೆಳೆಯ. ಅವರು ಹೇಳಿದ್ದರಲ್ಲಿ ಹೊಸತೇನೂ ಇರಲಿಲ್ಲ. ನಮ್ಮ ಕಡೆ ಗಲ್ಫಿನಲ್ಲಿ ಇದ್ದವರಿಗೆ ಸಾವಿನ ಸುದ್ದಿ ಹೇಳುವ ಕ್ರಮವೇ ಇಲ್ಲ. ಸೀರಿಯಸ್ ಉಂಟು, ಬೇಗ ಬಾ ಎನ್ನುತ್ತೇವೆ. ಒಬ್ಬನೇ ವಿಮಾನದಲ್ಲಿ ಕುಳಿತು ಬರುವವನ ಎದೆ ಒಡೆಯದಿರಲಿ ಎಂದು ಊರಿಗೆ ಊರೇ ಸೇರಿ ಸುಳ್ಳು ಹೇಳುತ್ತದೆ. ಹಿಂದೂಗಳ ಮನೆಯಾಗಲಿ, ಕ್ರಿಸ್ತುವರ ಮನೆಯಾಗಲಿ, ಬ್ಯಾರಿಗಳ ಮನೆಯಾಗಲಿ, ಇದರಲ್ಲಿ ಮಾತ್ರ ಎಲ್ಲರೂ ಒಂದೇ.

"ನಾನು ಆಂಟಿಯ ಒಂದು ಪಾಸ್‌ಪೋರ್ಟ್ ಫೋಟೊ ಹಾಕಿ, ಶ್ರದ್ಧಾಂಜಲಿ ಅಂತ ಬರೆದು, ಕಣ್ಣು ಒರೆಸ್ಲಿಕ್ಕೆ ಕೈ ಎತ್ತಿದ್ದು ಅಷ್ಟೇ. ಬಾಣ ಓಡಿತು." ರೆಶ್ಮಾ ತನ್ನ ಶಾಲಿನ ತುದಿ ಹಿಡಿದುಕೊಂಡಳು. "ದೇವರೇ, ಆಂಟಿ ಐಸಿಯುನಲ್ಲಿ ಇದ್ದಾರೆ ಅಂತ ಎಲ್ಲರೂ ಅಂಕಲ್‌ಗೆ ಹೇಳಿ ಆಗಿದೆ! ನಾನು ಮಾನಿಟರಿಗೆ ಶಾಲು ಮುಚ್ಚಿದೆ ಮೇಡಂ. ಇಲ್ಲಿ ಮುಚ್ಚಿದ್ರೆ ಅಲ್ಲಿ ಕಾಣುದಿಲ್ಲ ಅಂತ. ಹುಚ್ಚಿ."

"ಮತ್ತೆ?"

"ಶಾಲು ತೆಗೆದು ನೋಡುವಾಗ ಆ ಫೋಟೊ ಇರ್ಲಿಲ್ಲ. ಬೇರೆ ಫೋಟೊ ಬಂತು. ನೀಲಿ ಸೀರೆ ಉಟ್ಟು ನಗ್ತಾ ಇರುವುದು, ಅಂಕಲ್ ತೆಗೆದದ್ದು. ಬಾಣ ಆಂಟಿಯ ಕೆನ್ನೆ ಹತ್ರ ಬಂದು ನಿಂತಿತು. ಎಷ್ಟು ಹೊತ್ತು ನಿಂತಿತೋ ಗೊತ್ತಿಲ್ಲ. ಮತ್ತೆ ಹೋಯ್ತು."

ಅಮ್ಮಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಮಗನನ್ನು ಜೈಲಿಗೆ ಕಳುಹಿಸಿದ ಮನೆಯವರ ದುಃಖಕ್ಕೂ ಅಳುವ ಹೆಂಗಸು ಅವಳು.

"ಯಾರಿಗೂ ಯಾಕೆ ಹೇಳ್ಲಿಲ್ಲ ನೀನು?"

"ಅಂಕಲ್ ಸಹ ಹೇಳ್ಲಿಲ್ಲ ಅಲ್ವಾ? ಡ್ಯಾಡಿ ಬಜ್ಪೆ ಏರ್‌ಪೋರ್ಟಿಗೆ ಹೋಗಿ ಅವರನ್ನು ಕರ್ಕೊಂಡು ಬಂದದ್ದು. ಹೈವೇಯಲ್ಲಿ ಫ್ಲೆಕ್ಸ್ ಕಾಣ್ತದೆ ಅಂತ ಒಳದಾರಿಯಲ್ಲಿ ತಂದ್ರು. ದಾರಿ ಇಡೀ ಅಂಕಲ್, ಒಲಿಂಡಾ ಮಾತಾಡ್ತಾಳಾ, ಕಣ್ಣು ಬಿಟ್ಟಳಾ ಅಂತ ಕೇಳಿದ್ರಂತೆ. ಹೌದು, ಬಿಟ್ಟಳು ಅಂದ್ರಂತೆ ಡ್ಯಾಡಿ."

ಮೆಟ್ಟಿಲಲ್ಲಿ ಹೆಜ್ಜೆ ಕೇಳಿತು. ರೆಶ್ಮಾಳನ್ನು ಒಳಗೆ ಫ್ಲೆಕ್ಸ್ ಯಂತ್ರದ ಕೋಣೆಗೆ ಕಳುಹಿಸಿದೆ. ಆ ಕೋಣೆಗೂ ಅಂಗಡಿಗೂ ನಡುವೆ ಒಂದು ಗಾಜು ಮಾತ್ರ.

ರೇಮಂಡ್ ಇಗರ್ಜಿಯಿಂದ ನೇರ ಬಂದಿದ್ದ. ಹೆಂಡತಿ ಸತ್ತು ತಿಂಗಳಾದದ್ದಕ್ಕೆ ಚರ್ಚಿನಲ್ಲಿ ಪೂಜೆ ಮುಗಿದಿತ್ತು. ಬಿಳಿ ಅಂಗಿ ಮೈಮೇಲೆ ಜೋತಾಡುತ್ತಿತ್ತು. ಅಮ್ಮಣಿಯನ್ನು ಕಂಡು ಒಂದು ಕ್ಷಣ ನಿಂತ. ಮತ್ತೆ ಅವಳ ಕಡೆ ತಿರುಗಿ ನೋಡಲಿಲ್ಲ.

"ಕೂತ್ಕೊಳ್ಳಿ ರೇಮಂಡ್. ಹೆಂಡತಿ ತೀರಿಕೊಂಡದ್ದು ನಿಮಗೆ ಗೊತ್ತಾದದ್ದು ಯಾವಾಗ?"

"ಪೊಲೀಸರಿಗೆ ಹೇಳಿದ್ದೇನಲ್ಲ ಮೇಡಂ. ಬಜ್ಪೆಯಿಂದ ಮನೆಗೆ ಬಂದ ಮೇಲೆ."

"ಹೌದಾ? ಹಾಗಾದ್ರೆ ನೀಲಿ ಸೀರೆಯ ಫೋಟೊ ಹಾಕಿದ್ದು ಯಾರು ಮಾರಾಯ್ರೆ?"

ಅವನು ಕುಳಿತ. ಕುಳಿತನೆನ್ನುವುದಕ್ಕಿಂತ ಕುಸಿದ ಎನ್ನಬೇಕು. ಒಳ್ಳೆಯವರ ಸುಳ್ಳನ್ನು ಬಿಡಿಸುವ ಕೆಲಸ ನನಗೆ ಎಂದೂ ಹಿಡಿಸಿದ್ದಲ್ಲ. ಕಳ್ಳನಾದರೆ ಎದುರು ಮಾತಾಡುತ್ತಾನೆ, ನಮಗೂ ಒಂದು ಹುರುಪು ಇರುತ್ತದೆ.

"ಆ ಪಾಸ್‌ಪೋರ್ಟ್ ಫೋಟೊ ಅವಳಿಗೆ ಇಷ್ಟ ಇರ್ಲಿಲ್ಲ," ಎಂದ ಮೆಲ್ಲಗೆ. "ಅದ್ರಲ್ಲಿ ನಾನು ಪಡಿತರ ಅಂಗಡಿಯ ಕ್ಯೂನಲ್ಲಿ ನಿಂತ ಹಾಗೆ ಕಾಣ್ತೇನೆ ಅಂತಿದ್ಳು. ಊರವರು ಕಡೆಗೆ ನೋಡುದು ಆ ಮುಖ ಆಗ್ಬಾರ್ದು ಅಂತ ಅನಿಸಿತು. ಅಷ್ಟು ದೂರದಿಂದ ಮತ್ತೆ ಎಂತ ಮಾಡ್ಲಿಕ್ಕಾಗ್ತದೆ ನನಗೆ?"

"ಗೊತ್ತಿದ್ದೂ ದಾರಿಯಿಡೀ ಅವಳು ಕಣ್ಣು ಬಿಟ್ಟಳಾ ಅಂತ ಕೇಳಿದ್ರಲ್ಲ?"

"ಕೇಳದಿದ್ರೆ ಮೆಲ್ವಿನಿಗೆ ಬೇಜಾರಾಗ್ತಿತ್ತು. ಪಾಪ, ಎಷ್ಟು ಕಷ್ಟಪಟ್ಟು ಸುಳ್ಳು ಹೇಳ್ತಿದ್ದ." ಅವನು ನಗಲು ನೋಡಿದ. "ಮತ್ತೆ, ಅವ ಹೌದು ಬಿಟ್ಟಳು ಅನ್ನುವಾಗ, ಇರ್ಬಹುದೋ ಏನೋ ಅಂತ ನನಗೂ ಒಮ್ಮೆ ಅನಿಸ್ತಿತ್ತು."

ಇಷ್ಟಕ್ಕೇ ಬಿಟ್ಟುಬಿಡಬೇಕೆಂದು ನನ್ನ ಮನಸ್ಸು ಹೇಳಿತು. ಆದರೆ ಸ್ಟೂಲಿನಲ್ಲಿ ಕುಳಿತವಳಿಗೆ ಇರುವುದು ಒಬ್ಬನೇ ಮಗ. ಮಾನಿಟರಿನ ನೆತ್ತಿಯಲ್ಲಿ ಒಂದು ಸಣ್ಣ ಕ್ಯಾಮರಾ ಇತ್ತು, ಕುರ್ಚಿಯಲ್ಲಿ ಕುಳಿತವರ ಮುಖಕ್ಕೆ ನೇರವಾಗಿ. ನಾನು ಅದನ್ನು ಬೆರಳಿನಿಂದ ತೋರಿಸಿದೆ.

"ಸಂಜೆ ಒಳಗೆ ಬಂದವರು ಮಧ್ಯಾಹ್ನವೂ ಬಂದಿದ್ರಾ? ಇದ್ರಲ್ಲಿ ನೋಡ್ತಿದ್ರಾ?"

ಅವನು ಕುಳಿತಲ್ಲೇ ಕ್ಯಾಮರಾಕ್ಕೆ ಬೆನ್ನು ಹಾಕಿ ತಿರುಗಿದ.

"ರೇಮಂಡ್, ನೀವು ಕೇಳಿದ್ರೂ ನಾನು ಈ ಹೆಂಗಸನ್ನು ಹೊರಗೆ ಕಳಿಸುವುದಿಲ್ಲ. ಅವಳ ಎದುರೇ ಹೇಳ್ಬೇಕು."

"ದಿನಾ ನೋಡ್ತಿದ್ದೆ," ಎಂದ ರೇಮಂಡ್. "ಕೆಲಸದ ನೆವ ಹೇಳಿ ಬರುವುದು, ಕ್ಯಾಮರಾ ಹಾಕುವುದು. ಅವಳಿಗೂ ಗೊತ್ತುಂಟು. ಮಧ್ಯಾಹ್ನ ಊಟ ಆದ ಮೇಲೆ ತಲೆ ಬಾಚಿ ಕುಳಿತಿರ್ತಿದ್ಳು. ಮದುವೆಯಾಗಿ ಇಷ್ಟು ವರ್ಷ ಆದ ಮೇಲೆ ನಾಚಿಕೆ ಬೇರೆ. ಆ ದಿನವೂ ಇದ್ಳು. ಮತ್ತೆ ಯಾರೋ ಬಂದ್ರು. ಅವಳು ಆ ಕಡೆ ತಿರುಗಿದಳು."

"ಯಾರು?"

"ಮುಖ ಕಾಣ್ಲಿಲ್ಲ. ತಲೆಗೆ ಶಾಲು ಹಾಕಿ ಬಗ್ಗಿದ ಹಾಗೆ ಕಂಡಿತು, ಅಂಚಿನಲ್ಲಿ ಸ್ವಲ್ಪ. ಒಲಿಂಡಾ ಕೈ ಚಾಚಿ ಹಣೆಗೆ ಶಿಲುಬೆ ಗುರುತು ಮಾಡಿದಳು. ಬೆಸಾಂವ್ ಕೊಟ್ಟಳು."

ಬೆಸಾಂವ್ ಎಂದರೆ ಕೊಂಕಣಿ ಕ್ರಿಸ್ತುವರ ಮನೆಗಳಲ್ಲಿ ಹಿರಿಯರ ಆಶೀರ್ವಾದ. ಸಂಜೆ ಪ್ರಾರ್ಥನೆ ಮುಗಿದಾಗ, ದೂರ ಹೊರಡುವಾಗ, ಮನೆಗೆ ಬಂದಾಗ ಚಿಕ್ಕವರು ಕೈಮುಗಿದು ಕೇಳುತ್ತಾರೆ, ದೊಡ್ಡವರು ಕೊಡುತ್ತಾರೆ. ಅಂಗಡಿಗೆ ಫೋಟೊ ತೆಗೆಸಲು ಬಂದ ಗಿರಾಕಿ ಯಾರೂ ಅದನ್ನು ಕೇಳುವುದಿಲ್ಲ. ನೆಕ್ರಾಜೆಯ ಸುಧೀರ್ ಕೇಳುವುದಂತೂ ದೂರದ ಮಾತು. ಅವನ ಮನೆಯಲ್ಲಿ ಕಾಲಿಗೆ ಬೀಳುತ್ತಾರೆ.

"ಅಷ್ಟರಲ್ಲಿ ಇಲ್ಲಿ ಕರೆಂಟ್ ಹೋಯ್ತು ಕಾಣ್ತದೆ," ಎಂದ ರೇಮಂಡ್. "ಯುಪಿಎಸ್‌ನ ಬ್ಯಾಟರಿ ಸತ್ತಿತ್ತು. ಬಂದು ಹಾಕಿಸ್ತೇನೆ ಅಂದಿದ್ದೆ ನಾನು. ಪರದೆ ಕಪ್ಪಾಯ್ತು. ನಾನು ಬೇಡಿದ್ರೂ ಮತ್ತೆ ಬರ್ಲಿಲ್ಲ."

ಅಮ್ಮಣಿ ಎದ್ದು ನಿಂತಿದ್ದಳು. ಧ್ವನಿ ನೆಟ್ಟಗಿತ್ತು.

"ನನ್ನ ಮಗ ಇದ್ದನಾ ಸರ್ ಅದ್ರಲ್ಲಿ?"

ರೇಮಂಡ್ ಮೊದಲ ಬಾರಿ ಅವಳ ಮುಖವನ್ನು ನೇರ ನೋಡಿದ. "ಕಾಣ್ಲಿಲ್ಲ ಅಮ್ಮಣಿಯಕ್ಕ."

"ಬೇರೆ ಯಾರೋ ಇದ್ರು ಅಂತ ನಿಮಗೆ ಆವತ್ತಿನಿಂದ ಗೊತ್ತುಂಟಾ?"

"ಉಂಟು."

"ಗೊತ್ತಿದ್ದೂ ನನ್ನ ಮಗನನ್ನು ಅಲ್ಲಿ ಕೊಳೀಲಿಕ್ಕೆ ಬಿಟ್ರಾ?"

ಅವಳು ಕಿರುಚಲಿಲ್ಲ. ಕಿರುಚಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು. ನನಗೆ ಎಂಥಾ ಸಿಟ್ಟು ಬಂತೆಂದರೆ, ಎದುರಿಗಿರುವವನು ಹೆಂಡತಿ ಸತ್ತವನು ಎಂಬುದನ್ನೂ ಮರೆತೆ.

"ಛೀ! ಬಡವರ ಮಕ್ಕಳು ಅಂದ್ರೆ ನಿಮಗೆ ಪುಕ್ಕಟೆಗೆ ಸಿಕ್ಕಿದ್ದಾ? ನಾಳೆಯೇ ಬನ್ನಿ ಸ್ಟೇಷನ್ನಿಗೆ. ಎಸ್.ಐ. ಮುಂದೆ ಇದನ್ನೇ ಹೇಳಿ. ಇವಳ ಮಗ ಹೊರಗೆ ಬರ್ತಾನೆ."

"ಹೇಳುದಿಲ್ಲ," ಎಂದ ರೇಮಂಡ್.

"ಯಾಕೆ?"

"ಬೆಸಾಂವ್ ಯಾರು ಕೇಳುದು ಮೇಡಂ? ಮಕ್ಕಳು ಕೇಳುದು. ನನಗೆ ಇರುವುದು ಒಬ್ಬಳೇ ಮಗಳು." ಅವನ ಕಣ್ಣುಗಳಿಂದ ನೀರು ಸುರಿಯತೊಡಗಿತು, ಒರೆಸಿಕೊಳ್ಳುವ ಗೊಡವೆಗೂ ಹೋಗಲಿಲ್ಲ. "ಅವಳಿಗೂ ಅವಳ ಮಮ್ಮಿಗೂ ಆ ವಾರವಿಡೀ ಜಗಳ. ನರ್ಸಿಂಗ್ ಬಿಡ್ತೇನೆ ಅಂತ ಇವಳು, ಬಿಟ್ರೆ ಮನೆಗೆ ಬರ್ಬೇಡ ಅಂತ ಅವಳು. ಪರದೆ ಕಪ್ಪಾದ ಮೇಲೆ ಮಂಗಳೂರಿನ ಹಾಸ್ಟೆಲಿಗೆ ಫೋನ್ ಮಾಡಿದೆ. ಒಲಿವಿಯಾ ಬೆಳಿಗ್ಗೆಯೇ ಹೊರಗೆ ಹೋದವಳು ಬರ್ಲಿಲ್ಲ ಅಂದ್ರು. ಮೊಬೈಲ್ ಸ್ವಿಚ್ ಆಫ್. ಬೈಗುಳ ತಿಂದ ಮಗಳು ರಾಜಿಗೆ ಬಂದಿದ್ದಾಳೆ, ಬೆಸಾಂವ್ ಕೇಳಿದ್ದಾಳೆ, ಮತ್ತೆ ಪುನಃ ಮಾತಿಗೆ ಮಾತು ಬೆಳೆದು ಕೈ ಜಾರಿದೆ. ಇಷ್ಟೇ ಅಲ್ವಾ ಆಗಿರುದು? ಹೆಂಡತಿ ಹೋದಳು. ಇನ್ನು ಮಗಳನ್ನೂ ನಾನೇ ಹಿಡಿದು ಕೊಡ್ಬೇಕಾ?"

"ಪಪ್ಪಾ."

ಬಾಗಿಲಲ್ಲಿ ಒಲಿವಿಯಾ ನಿಂತಿದ್ದಳು. ಕೈಯಲ್ಲಿ ಚಹಾದ ಫ್ಲಾಸ್ಕ್. ಅಪ್ಪ ಇಗರ್ಜಿಯಿಂದ ಏನೂ ತಿನ್ನದೆ ಬಂದಿದ್ದಾನೆಂದು ಹಿಂದೆಯೇ ಬಂದಿದ್ದಳು. ಎಷ್ಟು ಕೇಳಿಸಿಕೊಂಡಳೆಂದು ಯಾರೂ ಕೇಳಬೇಕಾಗಿರಲಿಲ್ಲ.

"ಅದಕ್ಕಾ ಪಪ್ಪಾ? ಅದಕ್ಕಾ ಮಮ್ಮಿಯ ಮಣ್ಣಾದ ದಿನದಿಂದ ನೀವು ನನಗೆ ಬೆಸಾಂವ್ ಕೊಡದೆ ಇದ್ದದ್ದು? ನಾನು ಪ್ರತಿ ಸಂಜೆ ಕೈಮುಗಿದು ನಿಲ್ತೇನೆ, ನೀವು ಎದ್ದು ಒಳಗೆ ಹೋಗ್ತೀರಿ. ಮಮ್ಮಿ ಸಾಯುವಾಗ ನಾನು ಹತ್ರ ಇರ್ಲಿಲ್ಲ ಅಂತ ಸಿಟ್ಟು ಅಂತ ತಿಳ್ಕೊಂಡಿದ್ದೆ."

ರೇಮಂಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಎಲ್ಲಿದ್ದೆ ಮಗಾ ನೀನು ಆವತ್ತು?" ನಾನೇ ಕೇಳಿದೆ.

"ಸಿನಿಮಾಕ್ಕೆ ಹೋಗಿದ್ದೆ." ಅವಳು ತಲೆ ತಗ್ಗಿಸಿದಳು. "ನಾಲ್ಕು ಜನ ಫ್ರೆಂಡ್ಸ್ ಒಟ್ಟಿಗೆ. ಮಮ್ಮಿ ಫೋನ್ ಮಾಡಿ ಪುನಃ ಬೈತಾರೆ ಅಂತ ಮೊಬೈಲ್ ಬಂದ್ ಮಾಡಿದೆ. ಯಾರ ಹತ್ರ ಬೇಕಾದ್ರೂ ಕೇಳಿ. ಮಮ್ಮಿ ಕೆಳಗೆ ಬಿದ್ದು ಇರುವಾಗ ನಾನು ಪಾಪ್‌ಕಾರ್ನ್ ತಿಂತಾ ನಗ್ತಾ ಇದ್ದೆ ಆಂಟಿ. ಅದನ್ನು ಪಪ್ಪನಿಗೆ ಯಾವ ಬಾಯಿಂದ ಹೇಳುದು?"

ರೇಮಂಡ್ ಎದ್ದು ಬಂದು ಮಗಳನ್ನು ತಬ್ಬಿಕೊಂಡ. ತಿಂಗಳಿಡೀ ಒಂದೇ ಮನೆಯಲ್ಲಿ ಇದ್ದು ಒಬ್ಬರು ಇನ್ನೊಬ್ಬರ ಮುಖ ನೋಡದೆ ಊಟ ಮಾಡಿದವರು ಅವರು. ಇಬ್ಬರೂ ಅಳುವುದನ್ನು ನೋಡಲಾರದೆ ನಾನು ಕಿಟಕಿಯ ಕಡೆ ತಿರುಗಿದೆ. ಆದರೆ ತಲೆ ತನ್ನ ಕೆಲಸ ಬಿಡುವುದಿಲ್ಲವಲ್ಲ, ಹಾಳಾದ್ದು. ಮಗಳು ಅಲ್ಲವಾದರೆ ಶಾಲು ಹಾಕಿ ಬಗ್ಗಿದ ಆ ತಲೆ ಯಾರದು?

"ಒಲಿವಿಯಾ, ನಿನ್ನ ಮಮ್ಮಿಯ ಹತ್ರ ಬೆಸಾಂವ್ ಕೇಳುವವರು ಬೇರೆ ಯಾರು ಇದ್ದಾರೆ?"

ಅವಳು ಅಪ್ಪನ ಭುಜದಿಂದ ಮುಖ ಎತ್ತಿದಳು. "ರೆಶ್ಮಾ ಕೇಳ್ತಾಳೆ. ಜ್ಞಾನಸ್ನಾನದ ದಿನ ಗಾಡ್‌ಮದರ್ ಆಗಿ ಅವಳನ್ನು ಎತ್ತಿಕೊಂಡದ್ದು ಮಮ್ಮಿಯೇ ಅಲ್ವಾ?"

ಒಳಗೆ ಯಂತ್ರದ ಸದ್ದು ನಿಂತಿತ್ತು. ಗಾಜಿನ ಆಚೆ ರೆಶ್ಮಾ ನಮ್ಮನ್ನೇ ನೋಡುತ್ತ ನಿಂತಿದ್ದಳು. ಆ ದಿನ ಜ್ವರವೆಂದು ಮಧ್ಯಾಹ್ನವೇ ಮನೆಗೆ ಹೋಗಿದ್ದೆ, ಸುದ್ದಿ ತಿಳಿದು ಸಂಜೆ ಬಂದೆ ಎಂದು ಪೊಲೀಸರಿಗೆ ಹೇಳಿದವಳು ಅವಳು. ನನಗೂ ಅದನ್ನೇ ಹೇಳಿದ್ದಳು.

"ಬಾ ಇಲ್ಲಿ," ಎಂದೆ.

ಬಂದಳು. ನಾನು ಏನನ್ನೂ ಕೇಳುವ ಮೊದಲೇ ಅಮ್ಮಣಿಯ ಮುಂದೆ ಮೊಣಕಾಲೂರಿದಳು.

"ಜ್ವರ ಇರ್ಲಿಲ್ಲ. ಸುಧೀರನೂ ನಾನೂ ಮಂಜೇಶ್ವರದ ರಿಜಿಸ್ಟರ್ ಆಫೀಸಿಗೆ ಹೊರಟದ್ದು, ಮದುವೆಯ ನೋಟಿಸ್ ಕೊಡ್ಲಿಕ್ಕೆ. ಆಂಟಿಗೆ ಮಾತ್ರ ಗೊತ್ತಿತ್ತು. ಅವರೇ ಬೆಸಾಂವ್ ಕೊಟ್ಟು, ಹಿಂದಿನ ಮೆಟ್ಟಿಲಲ್ಲಿ ಇಳೀರಿ, ಕೆಳಗೆ ನಿನ್ನ ಡ್ಯಾಡಿ ನೋಡ್ತಾರೆ ಅಂದ್ರು. ಬಸ್‌ಸ್ಟ್ಯಾಂಡಿನಲ್ಲಿ ನೋಡುವಾಗ ಸುಧೀರನ ವೋಟರ್ ಕಾರ್ಡ್ ಇಲ್ಲ. ತರ್ತೇನೆ ಅಂತ ಓಡಿದ. ಆಂಟಿ ಬಿದ್ದದ್ದು ನೋಡಿ ಎತ್ತಿದ. ಅಷ್ಟೇ ಅವ ಮಾಡಿದ್ದು."

"ಅಷ್ಟು ಹೇಳಿದ್ರೆ ಅವನು ಆವತ್ತೇ ಹೊರಗೆ ಬರ್ತಿದ್ದ!" ನಾನು ಕೂಗಿಯೇಬಿಟ್ಟೆ. "ಅವ ಯಾಕೆ ಹೇಳ್ಲಿಲ್ಲ?"

"ಕಾಗದ ಎಲ್ಲ ಆಗುವವರೆಗೆ ನನ್ನ ಹೆಸರು ಎತ್ತುದಿಲ್ಲ ಅಂತ ಮಾತು ಕೊಟ್ಟಿದ್ದ. ಡ್ಯಾಡಿಗೆ ಹೆದರಿ ನಾನೇ ಮಾತು ತಕ್ಕೊಂಡದ್ದು."

"ಅವ ಮಾತು ಉಳಿಸಿದ. ನೀನು? ನಿನ್ನ ಬಾಯಿಗೆ ಎಂತ ಆಗಿತ್ತು?"

ರೆಶ್ಮಾ ಅಮ್ಮಣಿಯ ಸೀರೆಯ ನೆರಿಗೆ ಹಿಡಿದುಕೊಂಡಿದ್ದಳು.  ಉತ್ತರ ಹೇಳಿದ್ದು ನನಗೆ ಅಲ್ಲ, ಅವಳಿಗೆ.

"ಸುಧೀರ್ ನನಗಿಂತ ಮುಂದೆ ಹೋಗಿದ್ದ, ಅವ ನೋಡ್ಲಿಲ್ಲ. ನಾನು ಹಿಂದಿನಿಂದ ಇಳಿದು ಮೂಲೆ ತಿರುಗುವಾಗ ನೋಡಿದೆ. ಮುಂದಿನ ಮೆಟ್ಟಿಲಲ್ಲಿ ಡ್ಯಾಡಿ ಹತ್ತಿ ಹೋಗ್ತಾ ಇದ್ರು. ಕೋಪದಲ್ಲಿ ಇದ್ರು. ನಮ್ಮ ವಿಷಯ ಹೇಗೋ ಗೊತ್ತಾಗಿರ್ಬೇಕು."

 ರೇಮಂಡ್ ಗೋಡೆ ಹಿಡಿದುಕೊಂಡ. ಬಜ್ಪೆಯಿಂದ ಒಳದಾರಿಯಲ್ಲಿ ಕಾರು ತಂದವನು, ಹೌದು ಕಣ್ಣು ಬಿಟ್ಟಳು ಎಂದವನು, ಶವಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟವನು ಮೆಲ್ವಿನ್.

ಅಮ್ಮಣಿ ಬಗ್ಗಿ ರೆಶ್ಮಾಳ ಎರಡೂ ಕೈ ಹಿಡಿದು ಎಬ್ಬಿಸಿದಳು. ಹೊಡೆಯುತ್ತಾಳೆಂದು ನಾನು ತಿಳಿದಿದ್ದೆ. ಹೊಡೆಯಲಿಲ್ಲ.

"ಅಪ್ಪನನ್ನು ಕೊಡು ಅಂತ ನಾನು ಹೇಗೆ ಹೇಳುದು ಮಗಳೇ? ನಾನೂ ಹೆತ್ತವಳೇ," ಎಂದಳು. "ಆದ್ರೆ ಅವ ನನಗೆ ಬೇಕು. ನನ್ನ ಸುಧೀರನನ್ನು ಬಿಡಿಸಿಕೊಡು."

ಕೆಳಗೆ ಹಾರ್ಡ್‌ವೇರ್ ಅಂಗಡಿಯ ಶಟರ್ ಎಳೆದ ಸದ್ದಾಯಿತು. ಮಧ್ಯಾಹ್ನದ ಊಟಕ್ಕೆ ಅಪ್ಪ ಮಗಳು ದಿನಾ ಒಟ್ಟಿಗೇ ಹೋಗುವುದಂತೆ. ರೆಶ್ಮಾ, ಬಾ ಮಗಾ ಎಂದು ಕೊಂಕಣಿಯಲ್ಲಿ ಪ್ರೀತಿಯಿಂದ ಕೂಗಿದ್ದು ಕೇಳಿತು. ಉತ್ತರ ಬಾರದ್ದಕ್ಕೆ ಹೆಜ್ಜೆಗಳು ಮೆಟ್ಟಿಲು ಹತ್ತತೊಡಗಿದವು.

ನಾನು ರೆಶ್ಮಾಳನ್ನು ಒಳಗೆ ಕಳುಹಿಸಲು ತೋಳು ಹಿಡಿದೆ. ಅವಳು ಬಿಡಿಸಿಕೊಂಡಳು.

ಮೆಲ್ವಿನ್ ಬಾಗಿಲಲ್ಲಿ ಕಾಣಿಸಿಕೊಂಡರು. ದಪ್ಪ ಮೈ, ಬೆವರಿದ ಮುಖ, ಆ ಮುಖದ ತುಂಬ ಮಗಳ ಬಗ್ಗೆ ಕಾಳಜಿ. "ಎಂತ, ಎಲ್ಲರೂ ಅಳುದು? ರೆಶ್ಮಾ, ಎಂತ ಆಯ್ತು ಮಗಾ?"

"ಡ್ಯಾಡಿ," ಎಂದಳು ರೆಶ್ಮಾ. ಅವಳ ಕೈಗಳು ಇನ್ನೂ ಅಮ್ಮಣಿಯ ಕೈಯಲ್ಲೇ ಇದ್ದವು. "ಆ ದಿನ ನೀವು ಮೇಲೆ ಬಂದು ಒಲಿಂಡಾ ಆಂಟಿಗೆ ಎಂತ ಮಾಡಿದ್ರಿ?"

ಮೆಲ್ವಿನ್ ಮೊದಲು ನೋಡಿದ್ದು ಮಗಳನ್ನಲ್ಲ, ನನ್ನನ್ನೂ ಅಲ್ಲ, ಜೈಲಿನಲ್ಲಿ ಕುಳಿತವನ ತಾಯಿಯನ್ನು, ಅಮ್ಮಣಿಯನ್ನು.